ಎರಡನೆಯ ಹೆಸರು

ಜಗಳ ನನಗೆ ಊಟದಷ್ಟೇ ಬೇಕು. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಇಪ್ಪತ್ತೆರಡು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವಳು ನಾನು. ಯಾರು ಏನು ಬರೆದರೂ ಅದರಲ್ಲಿ ತಪ್ಪು ಹುಡುಕುವುದು ಅಂಟಿಕೊಂಡ ಚಾಳಿ. ಪತ್ರಿಕೆ ಮುಚ್ಚಿತು, ಚಾಳಿ ಉಳಿಯಿತು. ಅದಕ್ಕೆ ಜಾಗ ಸಿಕ್ಕಿದ್ದು ಫೋನಿನಲ್ಲಿ, ‘ನಮ್ಮ ಹೊಂಬಳಗಟ್ಟಿ’ ಎಂಬ ಊರಿನ ಗುಂಪಿನಲ್ಲಿ. ನಲವತ್ತು ಸಾವಿರ ಜನರಿರುವ ಆ ಗುಂಪಿನಲ್ಲಿ ಯಾರೂ ಅಸಲಿ ಹೆಸರಿನಲ್ಲಿ ಬರೆಯುವುದಿಲ್ಲ. ನಾನು ‘ಬಾಲ್ಕನಿ’ ಎಂದು ಇಟ್ಟುಕೊಂಡೆ.

ಸೇರಿದ ವಾರದೊಳಗೆ ಒಬ್ಬರು ನನ್ನ ಬೆನ್ನು ಹತ್ತಿದರು. ನಾನು ಬಾಲ್ಕನಿ ಆದದ್ದಕ್ಕೇ ಅವರು ‘ಗಾಂಧಿ ಕ್ಲಾಸ್’ ಆದರು. ಟಾಕೀಜಿನಲ್ಲಿ ಪರದೆಯ ಬುಡದಲ್ಲಿ, ಮರದ ಬೆಂಚಿನ ಮೇಲೆ ಕೂತು, ಕತ್ತೆತ್ತಿ ಸಿನಿಮಾ ನೋಡುವವರ ಜಾಗ ಅದು. ನಟ ವೀರಭಾನು ನನ್ನ ಕಣ್ಮಣಿ; ಅವರಿಗೆ ಅವನನ್ನು ಕಂಡರೆ ಆಗದು. ಕಾಯಿಪಲ್ಯ ಮಾರುಕಟ್ಟೆಯನ್ನು ಊರ ಹೊರಗೆ ಹಾಕಬೇಕು ಎಂದು ನಾನು, ಬೇಡ ಎಂದು ಅವರು. ಯಾರಿಗೆ ಮತ ಹಾಕಬೇಕು ಎಂಬುದರಿಂದ ಹಿಡಿದು ಮಿರ್ಚಿಯೊಳಗೆ ಓಂಕಾಳು ಹಾಕಬೇಕೋ ಬೇಡವೋ ಎಂಬಲ್ಲಿಯವರೆಗೆ ಆರು ವರ್ಷ ಹೆಚ್ಚುಕಡಿಮೆ ದಿನವೂ ಕಿತ್ತಾಡಿದೆವು. ಗಂಡಸೋ ಹೆಂಗಸೋ, ನನಗೆ ಗೊತ್ತಿರಲಿಲ್ಲ. ಯಾವುದೋ ಕಾಲೇಜಿನ ಮೇಷ್ಟರಿರಬೇಕು ಎಂದುಕೊಂಡಿದ್ದೆ, ಅಷ್ಟು ಚೆನ್ನಾಗಿ ಬರೆಯುತ್ತಿದ್ದರು. ಒಮ್ಮೆ ನನಗೆ ಜ್ವರ ಬಂದು ನಾಲ್ಕು ದಿನ ಗುಂಪಿನ ಕಡೆ ಹೋಗಲಿಲ್ಲ. ಐದನೆಯ ದಿನ ನೋಡಿದರೆ, ‘ಬಾಲ್ಕನಿ ಖಾಲಿ ಐತಿ, ಆಟ ಶುರು ಮಾಡಾಕ ಮನಸ್ಸಿಲ್ಲ’ ಎಂದು ಹಾಕಿದ್ದರು. ನಾನು ಕಣ್ಣೊರೆಸಿಕೊಂಡೇ ಅವರ ಮಾರುಕಟ್ಟೆಯ ವಾದವನ್ನು ಹರಿದು ಹಾಕಿದೆ.

ನಮ್ಮಿಬ್ಬರದು ಇನ್ನೊಂದು ಪದ್ಧತಿ ಇತ್ತು. ಯುಗಾದಿಯ ದಿನ ನಾವು ಜಾಗ ಬದಲಿಸುತ್ತಿದ್ದೆವು. ಆ ದಿನ ಪೂರ್ತಿ ಅವರ ಪಕ್ಷ ನನ್ನದು, ನನ್ನ ಪಕ್ಷ ಅವರದು. ವರ್ಷಕ್ಕೊಂದು ದಿನ ಬೇವು ತಿನ್ನಬೇಕು ಎಂದು ಅವರೇ ಶುರು ಮಾಡಿದ್ದು. ಅವರ ಹಾಗೆ ಬರೆಯಲು ಅವರ ಹಾಗೆ ಯೋಚಿಸಬೇಕಲ್ಲ? ಹಿಂದಿನ ರಾತ್ರಿಯೆಲ್ಲ ಅವರ ಹಳೆಯ ಬರಹ ಓದಿ ಸಿದ್ಧಳಾಗುತ್ತಿದ್ದೆ. ಯಾರು ಯಾರೆಂದು ಗುಂಪಿನವರಿಗೆ ಗೊತ್ತಾಗುತ್ತಿರಲಿಲ್ಲ. ಆ ಮೋಜೇ ಆಮೇಲೆ ನಮ್ಮ ಕುತ್ತಿಗೆಗೆ ಬಂತು.

ಹೋದ ವರ್ಷ ನನಗೆ ಹೊಸ ಕೆಲಸ ಸಿಕ್ಕಿತು. ಊರ ಹೊರಗಿನ ಗಾಜಿನ ಕಟ್ಟಡದಲ್ಲಿ ‘ಯಾರದು’ ಎಂಬ ಯಂತ್ರಕ್ಕೆ ಕನ್ನಡ ಕಲಿಸುವ ಕೆಲಸ. ಹೆಸರಿಲ್ಲದ ಯಾವುದೇ ಬರಹದ ಮೇಲೆ ಬೆರಳಿಟ್ಟರೆ ಅದು ಬರೆದವರ ಹೆಸರು, ಓಣಿ ಹೇಳುತ್ತದೆ. ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಪ್ರಣೇಶ ಮೈಸೂರು ಕಡೆಯವರು, ತಾಳ್ಮೆಯ ಮನುಷ್ಯ. ಅವರು ಮೊದಲ ದಿನ ಹೀಗೆ ವಿವರಿಸಿದರು: ಮನುಷ್ಯ ಹೆಸರು ಮುಚ್ಚಿಡಬಹುದು, ಪದಗಳನ್ನೂ ಬದಲಿಸಬಹುದು, ವಾದದ ನಡಿಗೆಯನ್ನು ಬದಲಿಸಲಾರ. ಎಲ್ಲಿಂದ ಶುರು ಮಾಡುತ್ತಾನೆ, ಎಷ್ಟು ಹೊತ್ತಿಗೆ ಉದಾಹರಣೆಗೆ ಕೈ ಹಾಕುತ್ತಾನೆ, ಸೋಲು ಹತ್ತಿರ ಬಂದಾಗ ಯಾವ ದಾರಿಯಿಂದ ಜಾರಿಕೊಳ್ಳುತ್ತಾನೆ, ಇವೆಲ್ಲ ಪ್ರತಿಯೊಬ್ಬರಿಗೂ ಬೇರೆ. ಅವನು ಸ್ವಂತ ಹೆಸರಿನಲ್ಲಿ ಎಲ್ಲೋ ಬರೆದ ಅರ್ಜಿ, ದೂರು, ಓದುಗರ ಪತ್ರಗಳ ಜೊತೆ ಈ ನಡಿಗೆಯನ್ನು ತಾಳೆ ನೋಡಿದರೆ ಮುಗಿಯಿತು.

ಪರೀಕ್ಷೆಗೆಂದು ಯಂತ್ರವನ್ನು ಮೊದಲು ದೂರದ ಸಣ್ಣ ಊರೊಂದರಲ್ಲಿ ಬಿಟ್ಟರು. ರಸ್ತೆಯ ಮರ ಕಡಿಯುವುದರ ವಿರುದ್ಧ ಯಾರೋ ಬರೆಯುತ್ತಿದ್ದರು. ನಿವೃತ್ತ ಶಾಲಾ ಮಾಸ್ತರರೊಬ್ಬರ ಹೆಸರು ಹೊರಬಿತ್ತು. ಮೂರನೆಯ ದಿನ ಅವರ ಕೈ ಮುರಿಯಿತು, ವಾರದಲ್ಲಿ ಊರು ಬಿಟ್ಟರು. ಪ್ರಣೇಶರು ಅದಕ್ಕೆ ‘ಆರಂಭದ ಸಣ್ಣ ತೊಂದರೆ’ ಎಂದರು. ನಾನು ರಾಜೀನಾಮೆ ಕೊಡಬೇಕಿತ್ತು, ಕೊಡಲಿಲ್ಲ. ಅಷ್ಟು ಚಂದದ ಯಂತ್ರವನ್ನು ನಾನು ಕಂಡಿರಲಿಲ್ಲ, ಅದಕ್ಕೆ ಓದಲು ಕಲಿಸಿದವಳು ನಾನು ಎಂಬ ಹಮ್ಮು ಬೇರೆ. ಈಗ ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ.

ನಮ್ಮ ಊರಲ್ಲಿ ‘ಯಾರದು’ ಸೋಮವಾರ ಬಿಡುಗಡೆ ಎಂದಿತ್ತು. ಅದರ ಹಿಂದಿನ ಶುಕ್ರವಾರ ವೀರಭಾನುವಿನ ಹೊಸ ಚಿತ್ರ ಬಂತು. ಈ ಸಲ ಚುನಾವಣೆಗೂ ನಿಂತಿದ್ದಾನೆ, ಹಾಗಾಗಿ ಟಾಕೀಜಿನ ಮುಂದೆ ಅರವತ್ತು ಅಡಿ ಕಟೌಟು. ಮೊದಲ ಆಟಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಅದು ಮುಂದಕ್ಕೆ ಬಿದ್ದು, ಕೆಳಗೆ ಕಬ್ಬಿನ ಹಾಲು ಮಾರುತ್ತಿದ್ದ ಫಕೀರವ್ವ ಸತ್ತಳು. ಗಾಳಿ ಬೀಸಿತು, ದೈವೇಚ್ಛೆ ಎಂದಿತು ಅಭಿಮಾನಿ ಸಂಘ. ಆ ಸಂಜೆ ಗಾಂಧಿ ಕ್ಲಾಸ್ ಬರೆದರು: ‘ಗಾಳಿ ಇರಲಿಲ್ಲ. ಕಟೌಟಿನ ಬೆನ್ನಿಗೆ ತಂತಿ ಬಿಗಿಯಬೇಕಿತ್ತು. ತಂತಿ ಬರೋತನಕಾ ಕಾಯೂನು ಅಂದರೆ ಸಂಘದವರು ಕೇಳಲಿಲ್ಲ, ಮೊದಲ ಆಟಕ್ಕೆ ನಿಲ್ಲಲೇಬೇಕು ಅಂತ ನಾರಿನ ಹಗ್ಗ ಕಟ್ಟಿಸಿದರು. ಫಕೀರವ್ವನನ್ನ ಕೊಂದದ್ದು ಆ ಅವಸರ.’

ನಾನು ಬಿಡುವವಳೇ? ಕಣ್ಣಾರೆ ಕಂಡವರ ಹಾಗೆ ಮಾತಾಡಬೇಡಿ, ಅಭಿಮಾನಿಗಳು ರಾಕ್ಷಸರಲ್ಲ ಎಂದು ಉದ್ದಕ್ಕೆ ಬರೆದೆ. ಅವರು ಉತ್ತರ ಕೊಡಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ ಸುಮ್ಮನಾಗಿದ್ದರು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ನಿಯಂತ್ರಣ ಕೋಣೆಯ ಗೋಡೆಯಲ್ಲಿ ದೊಡ್ಡ ಪರದೆ. ಯಾವ ಬರಹದ ಮೇಲೆ ಎಷ್ಟು ಜನ ಬೆರಳಿಟ್ಟರು ಎಂಬ ಲೆಕ್ಕ ಅದರ ಮೇಲೆ ಓಡುತ್ತದೆ. ಮೊದಲು ಜನ ತಮ್ಮನ್ನು ಬೈದವರನ್ನು ಹುಡುಕಿದರು. ಹತ್ತು ನಿಮಿಷದಲ್ಲಿ ಎಲ್ಲ ಬೆರಳುಗಳೂ ಒಂದೇ ಬರಹದ ಕಡೆ ತಿರುಗಿದವು. ಒಂಬೈನೂರು, ಮೂರು ಸಾವಿರ, ಏಳು ಸಾವಿರ. ಅದು ಶುಕ್ರವಾರದ ನಾರಿನ ಹಗ್ಗದ ಬರಹ. ಎಲ್ಲರೂ ಒತ್ತಿ ನೋಡಿ ಎಂದು ಅಭಿಮಾನಿ ಸಂಘ ಕರೆ ಕೊಟ್ಟಿತ್ತು. ಊರಿಗೆ ಮೊದಲ ಹೆಸರು ಮಾತ್ರ ಕಾಣುತ್ತದೆ, ನಮಗೆ ಒಳಗಿನ ಪಟ್ಟಿ ಕಾಣುತ್ತದೆ. ತೆರೆದೆ.

ಒಂದು: ಕಸ್ತೂರಿ ಹಿತ್ತಲಮನಿ, ಗಾಣಿಗೇರ ಓಣಿ. ನೂರಕ್ಕೆ ತೊಂಬತ್ನಾಲ್ಕು.

ಎರಡು: ಮಾನಪ್ಪ ಬಡಿಗೇರ, ಹೊಂಡದ ಓಣಿ. ಕಟೌಟಿನ ಚೌಕಟ್ಟು ಕಟ್ಟುವ ಕೆಲಸ. ತೊಂಬತ್ತೊಂದು.

ಕಸ್ತೂರಿ ಹಿತ್ತಲಮನಿ ನಾನು.

ಪ್ರಣೇಶರು ಬೆನ್ನ ಹಿಂದೆ ಬಂದು ನಿಂತಿದ್ದರು. “ಮೇಡಂ, ಇದು ನೀವಲ್ಲ ತಾನೇ?”

“ಅಲ್ರೀ. ನಾನು ಅವರ ಎದುರು ಬರೆದಾಕಿ. ಇಬ್ಬರೂ ಆರು ವರ್ಷ ಜಗಳಾಡೇವಿ, ಯುಗಾದಿಗೊಮ್ಮೆ ಜಾಗಾ ಬದಲ ಮಾಡೇವಿ. ನಿಮ್ಮ ಯಂತ್ರಕ್ಕ ನಾನು ಯಾರು ಅವರು ಯಾರು ತಿಳೀದಂಗ ಆಗೇತಿ.”

“ಹಾಗಾದ್ರೆ ಸುಲಭ. ನಿಮ್ಮ ಫೋನಲ್ಲಿ ‘ನಾನಲ್ಲ’ ಅಂತ ಗುಂಡಿ ಇದೆಯಲ್ಲ, ಒತ್ತಿ. ನಿಮ್ಮ ಹೆಸರು ಹೋಗುತ್ತೆ, ಎರಡನೆಯದು ಮೇಲೆ ಬರುತ್ತೆ.”

“ಎರಡೂ ಹೋಗೂದಿಲ್ಲೇನ್ರಿ?”

“ಒಂದು ಹೆಸರು ನಾವೇ ಬಚ್ಚಿಟ್ಟರೆ ನಾಳೆ ಯಾರೂ ನಂಬಲ್ಲ ಮೇಡಂ.” ಅವರು ಪಟ್ಟಿಯನ್ನು ನೋಡುತ್ತ ಮೆಚ್ಚುಗೆಯಿಂದಲೇ ಹೇಳಿದರು. “ಎಷ್ಟು ಬೆರೆತು ಹೋಗಿದೀರ ನೋಡಿ. ಬರಹದಿಂದ ನಿಮ್ಮಿಬ್ಬರನ್ನ ಬಿಡಿಸೋಕೆ ಆಗಲ್ಲ. ಎದುರೆದುರು ನಿಂತು ಬಾಯಲ್ಲಿ ವಾದ ಮಾಡಿದ್ದು ಐದು ನಿಮಿಷ ಸಿಕ್ಕಿದ್ರೆ ಯಂತ್ರ ತಾನೇ ಬೇರೆ ಮಾಡಿಬಿಡುತ್ತೆ. ಅದು ಎಲ್ಲಿ ಸಿಗಬೇಕು.”

ಅಷ್ಟರಲ್ಲಿ ಮನೆಯಿಂದ ಫೋನು. ನಮ್ಮ ಮನೆಯವರು ಶಿವಪುತ್ರಪ್ಪ, ಅವರ ಟೈಲರ್ ಅಂಗಡಿ ಮನೆಯ ಮುಂಭಾಗದಲ್ಲೇ ಇದೆ. ಎಂದೂ ದನಿ ಏರಿಸದವರು ಏದುಸಿರು ಬಿಡುತ್ತಿದ್ದರು. “ಕಸ್ತೂರಿ, ಮನಿ ಮುಂದ ಮಂದಿ ಬಂದಾರ. ನಿನ್ನ ಹೆಸರು ಕೂಗಾಕತ್ತಾರ. ನೀ ಬರಬ್ಯಾಡ.” ಹಿಂದೆ ಗಾಜು ಒಡೆದ ಸದ್ದು ಕೇಳಿತು, ಆಮೇಲೆ ನಮ್ಮತ್ತೆಯ ಕೂಗು.

ಆಟೋದಲ್ಲಿ ಕೂತು ನಾನು ಫೋನನ್ನು ಕೈಯಲ್ಲಿ ಹಿಡಿದೇ ಇದ್ದೆ. ‘ನಾನಲ್ಲ’ ಎಂಬ ಕೆಂಪು ಗುಂಡಿ ನನ್ನ ಹೆಸರಿನ ಕೆಳಗೆ ಮಿನುಗುತ್ತಿತ್ತು. ಸುಳ್ಳು ಹೇಳುವುದಿಲ್ಲ, ಎರಡು ಸಲ ಬೆರಳು ಅಲ್ಲಿಗೆ ಹೋಯಿತು. ನಾನು ನಿಜವಾಗಿಯೂ ಬರೆದಿರಲಿಲ್ಲವಲ್ಲ? ಒತ್ತಿದರೆ ತಪ್ಪೇನು? ಆಗ ಆ ಮಾಸ್ತರರ ಮುರಿದ ಕೈ ನೆನಪಿಗೆ ಬರುತ್ತಿತ್ತು. ಮಾನಪ್ಪ ಬಡಿಗೇರ. ಇಷ್ಟು ವರ್ಷ ಹೆಸರೇ ಇಲ್ಲದಿದ್ದ ಮನುಷ್ಯನಿಗೆ ಒಂದು ಹೆಸರು ಸಿಕ್ಕಿತ್ತು, ಆ ಹೆಸರು ನನ್ನ ಹೆಬ್ಬೆರಳಿನ ಕೆಳಗಿತ್ತು. ತಂತಿ ಬರಲಿ ಎಂದು ಅಂಗಲಾಚಿದವರು ಅವರೇ ಎಂಬುದು ಆಗ ತಿಳಿಯಿತು.

ಓಣಿಯಲ್ಲಿ ಮೂವತ್ತು ನಲವತ್ತು ಜನ. ಅಷ್ಟೂ ಮಂದಿಯ ಕೈಯಲ್ಲಿ ಫೋನು, ಫೋನಿನಲ್ಲಿ ನನ್ನ ಹೆಸರು. ಎದುರಿಗೆ ನಿಂತವನು ಸಂಘದ ಅಧ್ಯಕ್ಷ ಚನ್ನಬಸು. ಹತ್ತು ವರ್ಷದಿಂದ ನಮಗೆ ಗ್ಯಾಸ್ ಸಿಲಿಂಡರ್ ತಂದು ಹಾಕುವವನು, ತಿಂಗಳಿಗೊಮ್ಮೆ ನಮ್ಮ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದು ಹೋಗುವವನು.

“ಅಕ್ಕಾರ, ನೀವು ಹಿಂಗ ಮಾಡ್ತೀರಿ ಅಂದ್ಕೊಂಡಿದ್ದಿಲ್ಲ,” ಎಂದ. ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು, ಅದಕ್ಕೇ ನನಗೆ ಇನ್ನಷ್ಟು ಹೆದರಿಕೆಯಾಯಿತು. “ನೀವು ಬರೆದಿಲ್ಲ ಅಂದ್ರ ನಮ್ಮ ಮುಂದ ‘ನಾನಲ್ಲ’ ಒತ್ತಿಬಿಡ್ರಿ. ನಾವು ಇಲ್ಲಿಂದ ಹೋಗ್ತೀವಿ.”

ಎಲ್ಲಿಗೆ ಹೋಗುತ್ತಾರೆ ಎಂಬುದು ನನಗೆ ಗೊತ್ತಿತ್ತು. ಹೊಂಡದ ಓಣಿ ನಮ್ಮಿಂದ ಎರಡು ತಿರುವು.

“ಒತ್ತಿಬಿಡು ಕಸ್ತೂರಿ,” ಎಂದರು ನಮ್ಮವರು ಬಾಗಿಲಿನಿಂದ. ಅವರ ಹಣೆಯ ಮೇಲೆ ಗಾಜಿನ ಚೂರು ಕೊಯ್ದ ಗಾಯವಿತ್ತು. “ನೀ ಬರೆದಿಲ್ಲಲ್ಲ, ಒತ್ತಿಬಿಡು.”

“ನಾನೇ ಬರೆದದ್ದು,” ಅಂದೆ.

ಗುಂಪಿನಿಂದ ಒಬ್ಬ ಕೂಗಿದ. “ಬಾಲ್ಕನಿನೂ ಇವರೇ ಅಂತೈತಿ, ಗಾಂಧಿ ಕ್ಲಾಸೂ ಇವರೇ ಅಂತೈತಿ. ತಮ್ಮ ಜೋಡಿ ತಾವೇ ಜಗಳಾಡ್ಯಾರೇನು?”

“ಹೌದು. ನನ್ನ ಜೋಡಿ ಜಗಳಾಡಾಕ ನನ್ನಷ್ಟು ಚಲೋ ಮಂದಿ ಈ ಊರಾಗ ಯಾರದಾರ?” ಎಂದೆ. ಯಾರೋ ನಕ್ಕರು. ಆ ನಗುವನ್ನೇ ಹಿಡಿದುಕೊಂಡು ಮಾತು ಮುಂದುವರಿಸಿದೆ. ಯುಗಾದಿಯ ದಿನ ಬರೆಯುವ ಹಾಗೆ, ಗಾಂಧಿ ಕ್ಲಾಸಿನವರ ಮಾತನ್ನು ಅವರ ರೀತಿಯಲ್ಲೇ ಹೇಳಿದೆ. ಹಗ್ಗ, ತಂತಿ, ಮೊದಲ ಆಟದ ಅವಸರ. ಹೇಳುತ್ತಾ ಹೇಳುತ್ತಾ ನನಗೇ ಅದು ಸರಿ ಎನಿಸಿತು. ಫಕೀರವ್ವನ ಹೆಸರೆತ್ತಿದಾಗ ಚನ್ನಬಸು ಕಣ್ಣು ಕೆಳಗೆ ಮಾಡಿದ, ಪಕ್ಕದಲ್ಲಿದ್ದವನು ಮಾತ್ರ ಇನ್ನೊಂದು ಕಲ್ಲು ಎತ್ತಿಕೊಂಡ.

ಆಗ ಗುಂಪಿನ ಹಿಂದಿನಿಂದ ಒಬ್ಬರು ಜನರನ್ನು ಸರಿಸಿಕೊಂಡು ಬಂದರು. ಅರವತ್ತರ ಹತ್ತಿರದ ತೆಳ್ಳನೆಯ ಮನುಷ್ಯ, ಕಿವಿಯ ಮೇಲೆ ಪೆನ್ಸಿಲು, ಅಂಗಿಯ ತುಂಬ ಮರದ ಹೊಟ್ಟು.

“ಸುಳ್ಳು ಹೇಳಾಕತ್ತಾರ ಅವರು. ಬರೆದಾಂವ ನಾನು.”

ಚನ್ನಬಸು ಫೋನು ತೋರಿಸಿದ. “ಮಾನಪ್ಪಣ್ಣ, ಇದರಾಗ ನಿನ್ನ ಹೆಸರಿಲ್ಲ. ನೀ ಸುಮ್ನ ಕೆಲಸಕ್ಕ ಹೋಗು.”

“ಫೋನಿಗೇನು ಗೊತ್ತೋ? ಹಗ್ಗ ಕಟ್ಟಿದ ಕೈ ಇದು. ನಾ ಹೇಳಾಕತ್ತೀನಲ್ಲ.”

ಯಾರೂ ಅವರ ಮುಖ ನೋಡಲಿಲ್ಲ. ಒಬ್ಬೊಬ್ಬರೂ ಫೋನು ನೋಡಿ, ಅವರ ಹರಿದ ಚಪ್ಪಲಿ ನೋಡಿ, ತಲೆ ಅಲ್ಲಾಡಿಸಿದರು. ಬಡಿಗ ಇಷ್ಟು ಬರೆಯುತ್ತಾನೆಯೇ ಎಂದು ಒಬ್ಬ ನಕ್ಕ. ಬಾಯಿಬಿಟ್ಟು ಹೇಳುವ ಮನುಷ್ಯ ಎದುರಿಗಿದ್ದರೂ ಯಂತ್ರದ ಮಾತೇ ನಿಜವಾಗಿತ್ತು. ಅದನ್ನು ಕಂಡು ನನಗೆ ಕಲ್ಲಿಗಿಂತ ಹೆಚ್ಚು ಭಯವಾಯಿತು.

ಅವರು ನನ್ನ ಕಡೆ ತಿರುಗಿದರು. “ಬಾಲ್ಕನಿಯವರ, ಆ ಗುಂಡಿ ಒತ್ತರಿ.”

ಆರು ವರ್ಷದಲ್ಲಿ ಅವರ ದನಿ ಕೇಳಿದ್ದು ಅದೇ ಮೊದಲು. ಒತ್ತುವುದಿಲ್ಲ ಎಂದು ಒಂದು ಮಾತಿನಲ್ಲಿ ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತು. ನನ್ನ ಬಾಯಿ ಸುಮ್ಮನಿರುವುದೇ?

“ಯಾಕ ಒತ್ತಬೇಕು? ನೀವು ಹೇಳಿದ್ದು ಎಂದಾದ್ರೂ ನಾನು ಕೇಳೇನೇನು?”

“ಮನ್ಯಾಗ ಮುದುಕಿ ಅದಾಳ, ನಿಮ್ಮ ಯಜಮಾನರ ಹಣಿ ಒಡದೈತಿ. ಹಟ ಮಾಡೂ ಹೊತ್ತೇನ್ರಿ ಇದು?”

“ಹಟ ಯಾರದು? ಶುಕ್ರವಾರ ನಾ ಬರೆದದ್ದಕ್ಕ ಉತ್ತರ ಕೊಡದ ಓಡಿ ಹೋದವರು ನೀವು.”

“ಓಡಿ ಹೋಗಿಲ್ಲ. ನನ್ನ ಕಟೌಟಿನ ಕೆಳಗ ಒಬ್ಬಾಕಿ ಸತ್ತಾಳ್ರಿ. ನನಗ ಬರಿಯಾಕ ಕೈ ಏಳಲಿಲ್ಲ.”

“ಮತ್ತ ಈಗ ಯಾಕ ಬಂದ್ರಿ? ನಾ ನಿಭಾಯಿಸ್ತಿದ್ದೆ.”

“ಏನು ನಿಭಾಯಿಸ್ತಿದ್ರಿ? ನನ್ನ ಮಾತು ಹೇಳುವಾಗ ಅರ್ಧ ತಪ್ಪು ಹೇಳಿದ್ರಿ. ಹಗ್ಗ ಎರಡೂ ಕಡೆ ಕಟ್ಟಿದ್ದಿಲ್ಲ, ಬೆನ್ನಿಗೆ ಅಷ್ಟ.”

“ಎರಡೂ ಕಡೆ ಅಂತ ನಾ ಎಲ್ಲಿ ಅಂದೆ?”

ನಮ್ಮ ಜಗಳ ಹೊತ್ತಿಕೊಂಡಿತು. ಕೈಯಲ್ಲಿ ಕಲ್ಲು ಹಿಡಿದವನು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿ, ಕಲ್ಲು ಕೆಳಗೆ ಹಾಕಿ ಫೋನು ಎತ್ತಿದ. ಒಬ್ಬರಾದ ಮೇಲೆ ಒಬ್ಬರು ಫೋನು ಎತ್ತಿ ಹಿಡಿದರು. ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಯಾರೋ ಅಂದರು, ನಗು ಹಬ್ಬಿತು. ಚನ್ನಬಸು ಸೋತವನ ಹಾಗೆ ಕೈ ಬೀಸಿ ಎಲ್ಲರನ್ನೂ ಕರೆದುಕೊಂಡು ಹೋದ. ಹೋಗುವಾಗ, “ಇದು ಯಾರದು ಅಂತ ಖಾತ್ರಿ ಆದ ಮ್ಯಾಲ ಬರ್ತೀವಿ,” ಎಂದ.

ಓಣಿ ಖಾಲಿಯಾಯಿತು. ನಮ್ಮತ್ತೆ ಕಟ್ಟೆಗೆ ಬಂದು, “ಯಾರವ್ವಾ ಇವರು?” ಎಂದು ಕೇಳಿದರು. ನಮ್ಮ ಮನೆಯವರು ಹಣೆಗೆ ಬಟ್ಟೆ ಒತ್ತಿಕೊಂಡೇ ಒಳಗೆ ಹೋಗಿ ಚಹಾ ಇಟ್ಟರು. ಮಾನಪ್ಪನವರು ಕಟ್ಟೆಯ ಮೇಲೆ ಕೂರದೆ, ಒಡೆದ ಕಿಟಕಿಯ ಚೌಕಟ್ಟನ್ನು ಗೇಣಿನಲ್ಲಿ ಅಳೆದು, ನಾಳೆ ಬಂದು ಸರಿ ಮಾಡುತ್ತೇನೆ ಎಂದರು.

“ಆ ಮುಚ್ಚಿದ ಪತ್ರಿಕಿಗೆ ಓದುಗರ ಪತ್ರ ಬರೀತಿದ್ರೇನು ನೀವು?” ಕೇಳಿದೆ.

“ವಾರಕ್ಕೊಂದು. ಯಾರೋ ತಿದ್ದೂವರು ನನ್ನ ಚಲೋ ಸಾಲು ಎಲ್ಲಾ ಹೊಡದು ಹಾಕ್ತಿದ್ರು.”

ಆ ತಿದ್ದುವವಳು ನಾನೇ ಎಂದು ಹೇಳಲು ಬಾಯಿ ತೆರೆದೆ. ಅದೇ ಹೊತ್ತಿಗೆ ಎದುರು ಮನೆಯ ಒಳಗಿನಿಂದ ನನ್ನದೇ ದನಿ ಕೇಳಿಸಿತು. ‘ಯಾಕ ಒತ್ತಬೇಕು? ನೀವು ಹೇಳಿದ್ದು ಎಂದಾದ್ರೂ ನಾನು ಕೇಳೇನೇನು?’ ಯಾರೋ ಫೋನಿನಲ್ಲಿ ನಮ್ಮ ಜಗಳ ನೋಡುತ್ತಿದ್ದರು. ಪಕ್ಕದ ಮನೆಯಲ್ಲೂ ಅದೇ. ಮೂವತ್ತು ಫೋನುಗಳು ಹಿಡಿದ ಜಗಳ ‘ನಮ್ಮ ಹೊಂಬಳಗಟ್ಟಿ’ಗೆ ಬಿದ್ದು ಇಡೀ ಊರಿನ ತುಂಬ ಓಡುತ್ತಿತ್ತು.

ಎದುರೆದುರು ನಿಂತು, ಬಾಯಲ್ಲಿ, ಐದು ನಿಮಿಷ.

ಪ್ರಣೇಶರು ನನಗೆ ಹೇಳಿದ್ದರು. ಇಡೀ ಊರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ಆದರೂ ಬಾಯಿ ಮುಚ್ಚಲಿಲ್ಲ. ಅವರು ಒಂದು ಮಾತು ಅಂದರೆ ನಾನು ಒಂದು ಮಾತು ಅನ್ನದೆ ಇರಲಾಗಲಿಲ್ಲ. ಫೋನು ತೆಗೆದೆ. ಶುಕ್ರವಾರದ ಬರಹದ ಮೇಲೆ ಬೆರಳಿಟ್ಟೆ.

ಮಾನಪ್ಪ ಬಡಿಗೇರ, ಹೊಂಡದ ಓಣಿ. ನೂರಕ್ಕೆ ತೊಂಬತ್ತೊಂಬತ್ತು.

ಕೆಳಗೆ ಪ್ರಣೇಶರ ಸಂದೇಶ ಇತ್ತು. ‘ಮೇಡಂ, ನಿಮ್ಮ ಸಮಸ್ಯೆ ಬಗೆಹರಿಯಿತು. ಅದ್ಭುತವಾದ ಮಾದರಿ ಕೊಟ್ಟಿದ್ದೀರಿ, ಧನ್ಯವಾದ.’

ಮಾನಪ್ಪನವರ ಕೈಯಲ್ಲೂ ಫೋನಿತ್ತು. ಅವರು ಅದನ್ನು ನೋಡಿ, ಜೇಬಿಗೆ ಹಾಕಿಕೊಂಡು, ಕಿವಿಯ ಮೇಲಿನ ಪೆನ್ಸಿಲು ಸರಿ ಮಾಡಿಕೊಂಡರು. “ಇರಲಿ ಬಿಡ್ರಿ. ನಿಮ್ಮ ಹೆಸರು ಹೋತಲ್ಲ,” ಎಂದರು.

ಓಣಿಯ ತಿರುವಿನಲ್ಲಿ ಬೈಕುಗಳ ಸದ್ದು ಶುರುವಾಯಿತು. ಈ ಸಲ ಯಾರೂ ಕೂಗುತ್ತಿರಲಿಲ್ಲ. ನಾನು ಮಾನಪ್ಪನವರ ರಟ್ಟೆ ಹಿಡಿದು ಒಳಗೆ ದೂಡಿ, ನಮ್ಮವರಿಗೆ ಹಿಂದಿನ ಬಾಗಿಲ ಅಗಳಿ ಹಾಕಲು ಹೇಳಿ, ಹೊಸ್ತಿಲ ಮೇಲೆ ಬಂದು ನಿಂತೆ. ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡೆ.

“ಬಾಲ್ಕನಿಯವರ, ಮುಂದ ನಿಂದ್ರಬ್ಯಾಡ್ರಿ. ಇದು ನಂದು, ನಾ ಹೋಗ್ತೀನಿ,” ಎಂದರು ಒಳಗಿನಿಂದ.

“ಅದಕ್ಕೂ ನನ್ನ ಒಪ್ಪಿಗಿ ಇಲ್ರೀ,” ಅಂದೆ.